ಗರ್ಭನಿರೋಧಕ ಮಾತ್ರೆ ತಪ್ಪಿತು, ಈಗೇನು? ಮುಂಬಯಿಯ ಕನ್ನಡ ಮಹಿಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ನೆನಪಾದ ಕೂಡಲೇ ಒಂದು ಹಾರ್ಮೋನ್ ಮಾತ್ರೆ ನುಂಗಿಬಿಡಿ, ಉಳಿದದ್ದನ್ನು ಆಮೇಲೆ ಓದಿ. ಮಾಲಾ-ಎನ್, ಮಾಲಾ-ಡಿ, ಓವ್ರಲ್-ಎಲ್, ನೊವೆಲಾನ್, ಫೆಮಿಲಾನ್, ಯಾಸ್ಮಿನ್‌ನಂಥ ದಿನಕ್ಕೊಂದರ ಮಾತ್ರೆ ತಗೊಳ್ಳುವವರಿಗೆ ಎಷ್ಟೇ ದಿನ ತಪ್ಪಿದ್ದರೂ ಮೊದಲ ಕೆಲಸ ಇದೇ. ಛಾಯಾ ವಾರದ ಲೆಕ್ಕದ ಮಾತ್ರೆ. ಅದರ ಮಾತು ಬೇರೆ, ಕೆಳಗೆ ಪ್ರತ್ಯೇಕವಾಗಿ ಬರೆದಿದ್ದೇವೆ.

ಶೀಟಿನಲ್ಲಿ ಯಾವ ಮಾತ್ರೆ ತಪ್ಪಿದರೆ ಚಿಂತೆ, ಯಾವುದು ತಪ್ಪಿದರೆ ಚಿಂತೆಯಿಲ್ಲ?

ಮಾಲಾ-ಎನ್ ಶೀಟನ್ನು ಕೈಯಲ್ಲಿ ಹಿಡಿದು ನೋಡಿ. ಒಟ್ಟು 28 ಮಾತ್ರೆ. ಅದರಲ್ಲಿ 21 ಬಿಳಿ, 7 ಕಡುಬಣ್ಣದವು. ಗರ್ಭ ತಡೆಯುವ ಕೆಲಸವೆಲ್ಲ ಬಿಳಿ ಮಾತ್ರೆಗಳದು. ಪ್ರತಿಯೊಂದರಲ್ಲೂ ಲೆವೊನೊರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಾಡಿಯೋಲ್ 0.03 ಮಿಲಿಗ್ರಾಂ ಇರುತ್ತದೆ. ಕಡುಬಣ್ಣದವು ಬರೀ ಕಬ್ಬಿಣಾಂಶದ ಮಾತ್ರೆಗಳು. ರಕ್ತಹೀನತೆಗೆ ಒಳ್ಳೆಯವು, ದಿನದ ಅಭ್ಯಾಸ ತಪ್ಪದಿರಲೂ ಅನುಕೂಲ. ಆದರೆ ಒಂದೋ ಎರಡೋ ತಪ್ಪಿದರೆ ಗರ್ಭದ ಭಯ ಬೇಡ. ತಪ್ಪಿದ್ದನ್ನು ಬಿಸಾಡಿ, ಹೊಸ ಶೀಟನ್ನು ಮಾತ್ರ ಅದು ಶುರುವಾಗಬೇಕಿದ್ದ ದಿನಕ್ಕೇ ಶುರು ಮಾಡಿ. ಮಾಲಾ-ಡಿಯಲ್ಲಿರುವುದೂ ಇದೇ ಔಷಧ. ಮಾಲಾ-ಎನ್ ಸರಕಾರಿ ಕೇಂದ್ರಗಳಲ್ಲಿ ಪುಕ್ಕಟೆ ಸಿಗುತ್ತದೆ, ಮಾಲಾ-ಡಿ ಕಡಿಮೆ ಬೆಲೆಗೆ ಅಂಗಡಿಯಲ್ಲಿ ಸಿಗುತ್ತದೆ.

ಓವ್ರಲ್-ಎಲ್ ಥರದ ಶೀಟುಗಳಲ್ಲಿ 21 ಮಾತ್ರೆ ಮಾತ್ರ. ಅವು ಮುಗಿದ ಮೇಲೆ 7 ದಿನ ಖಾಲಿ ಬಿಡಬೇಕು. ಶೀಟಿನ ಬೆನ್ನಿಗೆ ಎಥಿನೈಲ್ ಎಸ್ಟ್ರಾಡಿಯೋಲ್ 0.02 ಮಿಲಿಗ್ರಾಂ ಎಂದು ಅಚ್ಚಾಗಿದ್ದರೆ ನಿಮ್ಮದು ಕಡಿಮೆ ಡೋಸಿನ ಮಾತ್ರೆ, ಮರೆವನ್ನು ಅಷ್ಟಾಗಿ ಸಹಿಸುವುದಿಲ್ಲ. ಆ ಅಂಕಿಯನ್ನು ಇವತ್ತೇ ಒಮ್ಮೆ ನೋಡಿಟ್ಟುಕೊಳ್ಳಿ.

ನಿನ್ನೆಯದು ಒಂದೇ ಒಂದು ಮರೆತೆ.

ಈಗಲೇ ಅದನ್ನು ತಗೊಳ್ಳಿ. ಇವತ್ತಿನದನ್ನು ಇವತ್ತಿನ ಹೊತ್ತಿಗೇ ತಗೊಳ್ಳಿ. ಎರಡೂ ಒಟ್ಟಿಗೆ ನುಂಗಬೇಕಾಗಿ ಬಂದರೂ ತೊಂದರೆಯಿಲ್ಲ, ಸ್ವಲ್ಪ ವಾಕರಿಕೆ ಬರಬಹುದು ಅಷ್ಟೆ. ಕಾಂಡೋಮ್ ಬೇಕಾಗಿಲ್ಲ, ತುರ್ತು ಮಾತ್ರೆಯೂ (ಸಂಪರ್ಕ ಆದ ಮೇಲೆ ಗರ್ಭ ತಡೆಯಲು ತಗೊಳ್ಳುವುದು) ಬೇಡ. ಒಂದು ಮಾತ್ರೆ ತಪ್ಪಿದ್ದಕ್ಕೆ ಹೆದರಿ ಇಡೀ ಶೀಟನ್ನೇ ಬಿಟ್ಟುಬಿಡುವವರಿದ್ದಾರೆ. ಗರ್ಭ ನಿಲ್ಲುವುದು ಹೆಚ್ಚಾಗಿ ಹಾಗೆ ಬಿಟ್ಟವರಿಗೆ.

ಎರಡು, ಮೂರು ದಿನ ಸಾಲಾಗಿ ತಪ್ಪಿತು. ಈಗ?

ನಮ್ಮ ಸರಕಾರಿ ಕೈಪಿಡಿಯಲ್ಲೂ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಲ್ಲೂ ಮಾಲಾ-ಎನ್‌ನಂಥ 0.03ರ ಮಾತ್ರೆ 3 ಅಥವಾ ಹೆಚ್ಚು ತಪ್ಪಿದರೆ ಮಾತ್ರ ಹೆಚ್ಚಿನ ಎಚ್ಚರಿಕೆ ಹೇಳಿದೆ, 0.02ರ ಮಾತ್ರೆಗೆ ಎರಡೇ ಸಾಕು. ಅಮೆರಿಕದ ಸೂಚನೆ ಎಲ್ಲ ಮಾತ್ರೆಗಳಿಗೂ ಎರಡನ್ನೇ ಗಡಿಯಾಗಿ ಇಟ್ಟಿದೆ. ನಮ್ಮ ಸಲಹೆ ಎರಡರ ಲೆಕ್ಕವೇ. ಒಂದು ವಾರ ಹೆಚ್ಚು ಕಾಂಡೋಮ್ ಬಳಸಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಮಾಡಬೇಕಾದದ್ದು ಹೀಗೆ. ತಪ್ಪಿದವುಗಳಲ್ಲಿ ಕೊನೆಯ ಒಂದನ್ನು ಈಗಲೇ ತಗೊಳ್ಳಿ. ಅದಕ್ಕೂ ಹಿಂದಿನವನ್ನು ಬಿಸಾಡಿ, ಎಲ್ಲವನ್ನೂ ಒಟ್ಟಿಗೆ ನುಂಗಬೇಡಿ. ಇವತ್ತಿನದು ಇವತ್ತಿನ ಹೊತ್ತಿಗೆ. ಮುಂದೆ ಸತತವಾಗಿ 7 ದಿನ ಹಾರ್ಮೋನ್ ಮಾತ್ರೆ ಹೊಟ್ಟೆಗೆ ಹೋಗುವ ತನಕ ಕಾಂಡೋಮ್ ಬಳಸಿ, ಇಲ್ಲವೇ ಸಂಪರ್ಕ ಬೇಡ.

ಇನ್ನು ಎಷ್ಟು ತಪ್ಪಿತು ಅನ್ನುವಷ್ಟೇ ಮುಖ್ಯ, ಎಲ್ಲಿ ತಪ್ಪಿತು ಅನ್ನುವುದು. ಮಾತ್ರೆಯ ಹಾರ್ಮೋನ್ ಅಂಡಾಶಯವನ್ನು ಮಲಗಿಸಿಡುತ್ತದೆ. ಸತತ 7 ಮಾತ್ರೆ ಬಿದ್ದರೆ ಅದು ಗಟ್ಟಿಯಾಗಿ ಮಲಗುತ್ತದೆ. ಕಬ್ಬಿಣದ ಮಾತ್ರೆಯ ವಾರದಲ್ಲಿ ನಿಧಾನವಾಗಿ ಕಣ್ಣು ಬಿಡತೊಡಗುತ್ತದೆ. ಆದರೆ 7 ದಿನದೊಳಗೆ ಹೊಸ ಶೀಟು ಶುರುವಾದರೆ ಅಂಡ ಬಿಡುಗಡೆಯಾಗುವ ಹಂತ ಮುಟ್ಟುವುದಿಲ್ಲ. ಈ 7 ದಿನ 9 ಆದರೆ, 10 ಆದರೆ, ಅಪಾಯ ಶುರುವಾಗುವುದು ಅಲ್ಲಿ. ಆದ್ದರಿಂದ:

ಮೊದಲ ವಾರದಲ್ಲಿ, ಅಂದರೆ 1ರಿಂದ 7ನೇ ಮಾತ್ರೆಯೊಳಗೆ ಎರಡೋ ಹೆಚ್ಚೋ ತಪ್ಪಿದ್ದರೆ ಅದು ಎಲ್ಲಕ್ಕಿಂತ ಹೆಚ್ಚಿನ ಅಪಾಯ. ಕಳೆದ 5 ದಿನಗಳಲ್ಲಿ ಕಾಂಡೋಮ್ ಇಲ್ಲದೆ ಸಂಪರ್ಕ ಆಗಿದ್ದರೆ ತುರ್ತು ಗರ್ಭನಿರೋಧಕ ಬೇಕು. ಐದೇ ದಿನ ಯಾಕೆಂದರೆ ವೀರ್ಯಾಣು ಹೆಣ್ಣಿನ ದೇಹದೊಳಗೆ 5 ದಿನದವರೆಗೂ ಬದುಕಿರಬಲ್ಲದು. ಮಾತ್ರೆ ತಪ್ಪುವ ಮುಂಚಿನ ಸಂಪರ್ಕವೂ ಲೆಕ್ಕಕ್ಕೆ ಬರುವುದು ಇದಕ್ಕೇ.

ಎರಡನೇ ವಾರದಲ್ಲಿ, ಹಿಂದಿನ 7 ಸರಿಯಾಗಿ ತಗೊಂಡಿದ್ದರೆ, 7 ದಿನ ಕಾಂಡೋಮ್ ಸಾಕು.

ಮೂರನೇ ವಾರದಲ್ಲಿ ತಪ್ಪಿದರೆ ಕಾಂಡೋಮಿನ ಜೊತೆಗೆ ಇನ್ನೊಂದು ಕೆಲಸ. ಉಳಿದ ಬಿಳಿ ಮಾತ್ರೆಗಳನ್ನು ಮುಗಿಸಿ, ಕಡುಬಣ್ಣದ ಏಳನ್ನೂ ಬಿಸಾಡಿ, ಮರುದಿನವೇ ಹೊಸ ಶೀಟಿನ ಬಿಳಿ ಮಾತ್ರೆ ಶುರು ಮಾಡಿ. ಆ ತಿಂಗಳು ಮುಟ್ಟು ಬರದೇ ಹೋಗಬಹುದು, ತೊಟ್ಟು ತೊಟ್ಟಾಗಿ ರಕ್ತ ಕಾಣಿಸಬಹುದು. ಎರಡೂ ಸಹಜ.

ವಾರಕ್ಕಿಂತ ಹೆಚ್ಚು ದಿನ ಸಾಲಾಗಿ ಬಿಟ್ಟಿದ್ದರೆ ನೀವು ಮಾತ್ರೆ ನಿಲ್ಲಿಸಿದ ಹಾಗೇ ಲೆಕ್ಕ. ಹೊಸದಾಗಿ ಶುರು ಮಾಡಿ, 7 ದಿನ ಕಾಂಡೋಮ್ ಬಳಸಿ. ಕಳೆದ 5 ದಿನದಲ್ಲಿ ಸಂಪರ್ಕ ಆಗಿದ್ದರೆ ತುರ್ತು ಗರ್ಭನಿರೋಧಕ, ಮೂರು ವಾರದ ಮೇಲೆ ಗರ್ಭ ಪರೀಕ್ಷೆ.

ಊರಿಗೆ ಹೋದಾಗ ಹೊಸ ಶೀಟು ಮನೆಯಲ್ಲೇ ಉಳಿಯಿತು. ಮೂರು ದಿನ ತಡ ಅಷ್ಟೇ ಅಲ್ಲವೇ?

ಮೂರು ದಿನ ಅಂತ ಕಾಣುತ್ತದೆ, ದೇಹದ ಲೆಕ್ಕದಲ್ಲಿ ಹತ್ತು. ಡೊಂಬಿವಲಿಯ ಒಬ್ಬರ ಲೆಕ್ಕ ಹೀಗಿರಬಹುದು. ಭಾನುವಾರ 21ನೇ ಬಿಳಿ ಮಾತ್ರೆ ಮುಗಿಯಿತು. ಸೋಮವಾರದಿಂದ ಮುಂದಿನ ಭಾನುವಾರದ ತನಕ ಕಬ್ಬಿಣದ್ದು. ಸೋಮವಾರ ಹೊಸ ಶೀಟು ತೆಗೆಯಬೇಕಿತ್ತು, ಆದರೆ ಅವರು ಕುಂದಾಪುರದಲ್ಲಿ, ಶೀಟು ಡೊಂಬಿವಲಿಯಲ್ಲಿ. ಮತ್ಸ್ಯಗಂಧ ರೈಲು ಹತ್ತಿ ಗುರುವಾರ ಬೆಳಿಗ್ಗೆ ಮನೆ ಸೇರಿದರು. ಅಲ್ಲಿಗೆ ಹಾರ್ಮೋನ್ ಇಲ್ಲದ ದಿನ 7 ಮತ್ತು 3, ಒಟ್ಟು 10. ಗುರುವಾರವೇ ಹೊಸ ಶೀಟಿನ ಮೊದಲ ಮಾತ್ರೆ ತಗೊಂಡು, 7 ದಿನ ಕಾಂಡೋಮ್ ಬಳಸಬೇಕು. ಶನಿವಾರದಿಂದ ಈಚೆಗೆ ಸಂಪರ್ಕ ಆಗಿದ್ದರೆ ತುರ್ತು ಗರ್ಭನಿರೋಧಕವೂ ಬೇಕು.

ಅಂದಹಾಗೆ, ಊರಿನ ಮೆಡಿಕಲ್‌ನಲ್ಲಿ ಅದೇ ಮಾತ್ರೆಯ ಇನ್ನೊಂದು ಶೀಟು ಕೊಂಡು ಸೋಮವಾರವೇ ಶುರು ಮಾಡಿದ್ದರೆ ಇಷ್ಟೆಲ್ಲ ಬರುತ್ತಲೇ ಇರಲಿಲ್ಲ. ಅದೇ ಹೆಸರಿನದು ಸಿಗದಿದ್ದರೆ ಅದೇ ಔಷಧ, ಅದೇ ಪ್ರಮಾಣ ಇರುವ ಬೇರೆ ಹೆಸರಿನದೂ ನಡೆಯುತ್ತದೆ.

ತುರ್ತು ಮಾತ್ರೆ ಯಾವುದು, ಎಷ್ಟು ಹೊತ್ತಿನೊಳಗೆ, ಆಮೇಲೆ ದಿನದ ಮಾತ್ರೆ ಏನು ಮಾಡಬೇಕು?

ಲೆವೊನೊರ್ಜೆಸ್ಟ್ರೆಲ್ 1.5 ಮಿಲಿಗ್ರಾಂನ ಒಂದೇ ಮಾತ್ರೆ. ಐ-ಪಿಲ್, ಅನ್‌ವಾಂಟೆಡ್-72 ಎಂಬ ಹೆಸರಲ್ಲಿ ಮೆಡಿಕಲ್‌ಗಳಲ್ಲಿ ವೈದ್ಯರ ಚೀಟಿ ಇಲ್ಲದೆ ಸಿಗುತ್ತದೆ. ಸರಕಾರದ್ದು ಈಜಿ ಪಿಲ್. ಸಂಪರ್ಕ ಆದ 72 ಗಂಟೆಯೊಳಗೆ ತಗೊಳ್ಳಬೇಕು. ಆದರೆ 72 ಗಂಟೆ ಇದೆಯಲ್ಲ ಎಂದು ನಾಳೆಗೆ ಬಿಡಬೇಡಿ. ಅದು ಅಂಡದ ಬಿಡುಗಡೆಯನ್ನು ಮುಂದಕ್ಕೆ ಹಾಕುವ ಮಾತ್ರೆ. ಅಂಡ ಆಗಲೇ ಬಿಡುಗಡೆಯಾಗಿದ್ದರೆ ಅದರಿಂದ ಉಪಯೋಗವಿಲ್ಲ, ಆದ್ದರಿಂದ ಪ್ರತಿ ಗಂಟೆಗೂ ಬೆಲೆಯಿದೆ. ನಿಂತ ಗರ್ಭವನ್ನು ಅದು ಇಳಿಸುವುದಿಲ್ಲ, ಅದಕ್ಕೆ ಏನೂ ಹಾನಿ ಮಾಡುವುದೂ ಇಲ್ಲ.

ನುಂಗಿದ 3 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತಗೊಳ್ಳಬೇಕು. ದಿನದ ಮಾತ್ರೆಯನ್ನು ಅವತ್ತೇ ಮುಂದುವರಿಸಿ, 7 ದಿನ ಕಾಂಡೋಮ್ ಬಳಸಿ. ತುರ್ತು ಮಾತ್ರೆ ಹಿಂದಿನದಕ್ಕೆ ಮಾತ್ರ, ಮರುದಿನದ ಸಂಪರ್ಕಕ್ಕೆ ಅದರ ರಕ್ಷಣೆ ಇರುವುದಿಲ್ಲ. ಇದನ್ನು ತಿಳಿಯದೆ ಮೋಸಹೋಗುವವರು ಬಹಳ.

ದೇಹದ ತೂಕ 70 ಕಿಲೋ ದಾಟಿದ್ದರೆ ಈ ಮಾತ್ರೆಯ ಮೇಲೆ ಅಷ್ಟು ಭರವಸೆ ಇಡಲಾಗದು. ಅಂಥವರಿಗೂ 72 ಗಂಟೆ ಮೀರಿದವರಿಗೂ ಗರ್ಭಕೋಶದೊಳಗೆ ಹಾಕುವ ಕಾಪರ್-ಟಿ ಇದೆ. ಸಂಪರ್ಕ ಆದ 5 ದಿನದೊಳಗೆ ಹಾಕಿಸಿಕೊಂಡರೆ ತುರ್ತು ಉಪಾಯಗಳಲ್ಲೆಲ್ಲ ಅದೇ ಅತ್ಯಂತ ಖಚಿತವಾದದ್ದು. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುತ್ತಾರೆ, ಮುಂದೆ ವರ್ಷಗಟ್ಟಲೆ ಮಾತ್ರೆಯ ನೆನಪೇ ಬೇಕಿಲ್ಲ.

ವಾಂತಿ, ಭೇದಿ ಆದರೆ?

ಮಾತ್ರೆ ತಗೊಂಡ 3 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತಗೊಳ್ಳಿ. ಬೇರೆ ಶೀಟಿನ ಕೊನೆಯಿಂದ ಒಂದು ಬಿಳಿ ಮಾತ್ರೆ ತೆಗೆದರಾಯಿತು. ಮಳೆಗಾಲದಲ್ಲಿ ಇಲ್ಲಿ ಹೊಟ್ಟೆ ಕೆಡುವುದು ಮಾಮೂಲು. ಜೋರು ವಾಂತಿ-ಭೇದಿ 2 ದಿನ ಮುಂದುವರಿದರೆ ಆ ದಿನಗಳ ಮಾತ್ರೆ ತಪ್ಪಿದವೆಂದೇ ಎಣಿಸಿ, ಮೇಲಿನ ನಿಯಮ ಹಿಡಿಯಿರಿ. ಹುಷಾರಿಲ್ಲವೆಂದು ಮಾತ್ರೆ ನಿಲ್ಲಿಸಬೇಡಿ.

ಪೂಜೆಗೆ ಮುಟ್ಟು ಮುಂದೂಡುವ ಮಾತ್ರೆ ತಗೊಂಡೆ. ಅದರಲ್ಲೂ ಗರ್ಭ ತಡೆಯುವ ಶಕ್ತಿ ಇರುತ್ತದಲ್ಲ?

ಇಲ್ಲ, ಅದನ್ನು ನಂಬಬೇಡಿ. ಚೌತಿ, ನಾಗಪೂಜೆ, ಮನೆಯ ಮದುವೆ ಬಂದಾಗ ಮೆಡಿಕಲ್‌ನವರು ಸಾಮಾನ್ಯವಾಗಿ ಕೊಡುವುದು ನೊರೆಥಿಸ್ಟೆರೋನ್ 5 ಮಿಲಿಗ್ರಾಂ, ಪ್ರಿಮೋಲಟ್-ಎನ್ ಥರದ್ದು. ದಿನಕ್ಕೆ 3 ಸಲ ತಗೊಂಡರೂ ಅದನ್ನು ಗರ್ಭನಿರೋಧಕವೆಂದು ಎಣಿಸುವುದಿಲ್ಲ. ದಿನದ ಮಾತ್ರೆ ನಿಲ್ಲಿಸಿ ಇದನ್ನು ಹಿಡಿದವರಿಗೆ ಎರಡು ಕಡೆಯಿಂದಲೂ ರಕ್ಷಣೆ ತಪ್ಪುತ್ತದೆ.

ಮಾಲಾ-ಎನ್, ಓವ್ರಲ್-ಎಲ್‌ನಂಥವನ್ನು ತಗೊಳ್ಳುವವರಿಗೆ ಮುಟ್ಟು ಮುಂದೂಡಲು ಬೇರೆ ಮಾತ್ರೆಯೇ ಬೇಡ. 21 ಬಿಳಿ ಮಾತ್ರೆ ಮುಗಿದ ಮರುದಿನವೇ ಹೊಸ ಶೀಟಿನ ಬಿಳಿ ಮಾತ್ರೆ ಶುರು ಮಾಡಿ, ಕಬ್ಬಿಣದ ವಾರ ಬಿಟ್ಟುಬಿಡಿ. ಮುಟ್ಟು ಮುಂದಕ್ಕೆ ಹೋಗುತ್ತದೆ, ರಕ್ಷಣೆಯೂ ಹಾಗೇ ಉಳಿಯುತ್ತದೆ.

ಬೇರೆ ಔಷಧಗಳಿಂದ ಮಾತ್ರೆಯ ಶಕ್ತಿ ಕಡಿಮೆಯಾಗುತ್ತದೆಯೇ?

ಕೆಲವೇ ಔಷಧಗಳಿಂದ, ಆದರೆ ಅವು ಮಾತ್ರೆಯ ಶಕ್ತಿಯನ್ನು ತೀರಾ ಕುಗ್ಗಿಸುತ್ತವೆ. ಮುಖ್ಯವಾದದ್ದು ಕ್ಷಯಕ್ಕೆ ಕೊಡುವ ರಿಫಾಂಪಿಸಿನ್. ಮುಂಬಯಿಯ ಚಾಳುಗಳಲ್ಲಿ ಟಿಬಿ ಚಿಕಿತ್ಸೆಯಲ್ಲಿರುವ ಹೆಣ್ಣುಮಕ್ಕಳು ಕಡಿಮೆಯೇನಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇವೆ: ಒಂದು ಮಾತ್ರೆಯೂ ತಪ್ಪದಿದ್ದರೂ ಗರ್ಭ ನಿಲ್ಲಬಹುದು. ಯಕೃತ್ತು ಹಾರ್ಮೋನನ್ನು ಬೇಗ ಬೇಗ ಕರಗಿಸಿ ಹೊರಹಾಕುವಂತೆ ಈ ಔಷಧ ಮಾಡುತ್ತದೆ. ಕೋರ್ಸ್ ಮುಗಿದ ಮೇಲೂ 4 ವಾರ ಇದೇ ಪರಿಣಾಮ ಇರುತ್ತದೆ. ಅಷ್ಟೂ ದಿನ ಕಾಪರ್-ಟಿ ಅಥವಾ ಗರ್ಭ ತಡೆಯುವ ಅಂತರಾ ಇಂಜೆಕ್ಷನ್ ಒಳ್ಳೆಯದು, ತುರ್ತು ಮಾತ್ರೆಯೂ ಇವರಿಗೆ ಸಾಲದು. ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್, ಹುಳುಕಡ್ಡಿಗೆ ಕೊಡುವ ಗ್ರಿಸಿಯೋಫುಲ್ವಿನ್ ಕೂಡ ಇದೇ ಸಾಲಿನವು. ಜ್ವರ, ಗಂಟಲು ನೋವಿಗೆ ಕೊಡುವ ಅಮಾಕ್ಸಿಸಿಲಿನ್, ಅಜಿಥ್ರೋಮೈಸಿನ್‌ನಿಂದ ಏನೂ ಆಗುವುದಿಲ್ಲ.

ಛಾಯಾ ಮಾತ್ರೆ ತಪ್ಪಿದರೆ?

ಛಾಯಾದಲ್ಲಿ ಹಾರ್ಮೋನ್ ಇಲ್ಲ, ಸೆಂಟ್‌ಕ್ರೋಮನ್ 30 ಮಿಲಿಗ್ರಾಂ ಇದೆ. ಲಖ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದದ್ದು, ಸಹೇಲಿ ಹೆಸರಲ್ಲೂ ಬರುತ್ತದೆ. ಮೊದಲ 3 ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಮುಟ್ಟಾದ ಮೊದಲ ದಿನ ಭಾನುವಾರವಾಗಿದ್ದರೆ ನಿಮ್ಮ ದಿನಗಳು ಭಾನುವಾರ, ಬುಧವಾರ. ಮೂರು ತಿಂಗಳ ನಂತರ ಭಾನುವಾರ ಮಾತ್ರ.

ತಪ್ಪಿ 7 ದಿನ ಆಗಿರದಿದ್ದರೆ ನೆನಪಾದ ಕೂಡಲೇ ತಗೊಂಡು, ಮಾಮೂಲಿ ದಿನಗಳನ್ನೇ ಮುಂದುವರಿಸಿ. ಆದರೆ ಮುಂದಿನ ಮುಟ್ಟು ಬರುವ ತನಕ ಕಾಂಡೋಮ್ ಬೇಕು. 7 ದಿನ ಮೀರಿದರೆ ಹೊಸಬರಂತೆ ಮೊದಲಿನಿಂದ, ಮತ್ತೆ 3 ತಿಂಗಳು ವಾರಕ್ಕೆರಡು. ಛಾಯಾದಿಂದ ಕೆಲವರಿಗೆ ಮುಟ್ಟು ತಾನಾಗಿ ತಡವಾಗುತ್ತದೆ. 15 ದಿನಕ್ಕಿಂತ ಹೆಚ್ಚು ತಡವಾದರೆ ಪರೀಕ್ಷೆ ಮಾಡಿಸಿ.

ಮೊಲೆಯುಣಿಸುವವರಿಗೆ ಕೊಟ್ಟ ಸೆರಾಜೆಟ್?

ಅದರ ಗಡುವು 12 ಗಂಟೆ. ಅದಕ್ಕಿಂತ ತಡವಾದರೆ ಮಾತ್ರೆ ತಗೊಂಡು 7 ದಿನ ಕಾಂಡೋಮ್ ಬಳಸಿ. ಇದರಲ್ಲಿ ಖಾಲಿ ವಾರವೆಂಬುದಿಲ್ಲ, ಶೀಟು ಮುಗಿದ ಮರುದಿನವೇ ಮುಂದಿನದು.

ಕಬ್ಬಿಣದ ವಾರದಲ್ಲಿ ರಕ್ತ ಬಂತು. ಹಾಗಾದರೆ ಗರ್ಭ ನಿಂತಿಲ್ಲ ತಾನೇ?

ಹಾಗೆ ಖಾತರಿ ಕೊಡಲಾಗದು. ಆ ರಕ್ತ ನಿಜವಾದ ಮುಟ್ಟಲ್ಲ, ಹಾರ್ಮೋನ್ ನಿಂತದ್ದಕ್ಕೆ ಬರುವ ಸ್ರಾವ. ಮಾತ್ರೆ ತಪ್ಪಿದ ಎರಡು ಮೂರು ದಿನಕ್ಕೆ ಕಾಣುವ ತೊಟ್ಟು ರಕ್ತವೂ ಹಾಗೆಯೇ. ಗರ್ಭದ ಆರಂಭದಲ್ಲೂ ಕೆಲವರಿಗೆ ಸ್ವಲ್ಪ ರಕ್ತ ಹೋಗುತ್ತದೆ. ಎದೆ ಬಿಗಿತ, ವಾಕರಿಕೆ, ಸುಸ್ತು ಮಾತ್ರೆಯಿಂದಲೂ ಬರುತ್ತವೆ, ಬಸುರಿನಿಂದಲೂ ಬರುತ್ತವೆ. ಲಕ್ಷಣ ನೋಡಿ ತೀರ್ಮಾನ ಮಾಡುವ ದಾರಿಯೇ ಇಲ್ಲ, ಪರೀಕ್ಷೆ ಮಾಡಬೇಕು.

ಯಾವತ್ತು ಪರೀಕ್ಷೆ ಮಾಡಲಿ?

ಕಾಂಡೋಮ್ ಇಲ್ಲದೆ ಕೊನೆಯ ಸಲ ಸೇರಿ 21 ದಿನವಾದ ಮೇಲೆ ಮಾಡಿದ ಪರೀಕ್ಷೆಯನ್ನು ನಂಬಬಹುದು. ಅದಕ್ಕೂ ಮುಂಚೆ ಇಲ್ಲ ಅಂತ ತೋರಿಸಿದರೆ ಸಮಾಧಾನ ಪಡಬೇಡಿ. ಬೆಳಿಗ್ಗೆ ಎದ್ದ ಮೊದಲ ಮೂತ್ರವನ್ನು ಒಣಗಿದ ಶುಚಿಯಾದ ಪಾತ್ರೆಯಲ್ಲಿ ಹಿಡಿಯಿರಿ. ಕಿಟ್‌ನಲ್ಲಿರುವ ಡ್ರಾಪರಿನಿಂದ, ಅದರ ಮೇಲೆ ಹೇಳಿದಷ್ಟು ಹನಿ ಗುಂಡನೆಯ ತಗ್ಗಿಗೆ ಬಿಡಿ. 5 ನಿಮಿಷ ಕಾಯಿರಿ. ಸಿ ಎಂಬಲ್ಲಿ ಗೆರೆ ಮೂಡದಿದ್ದರೆ ಕಿಟ್ ಕೆಟ್ಟಿದೆ, ಬೇರೆಯದು ತನ್ನಿ. ಸಿ ಜೊತೆ ಟಿ ಗೆರೆ ಎಷ್ಟೇ ಮಸುಕಾಗಿ ಮೂಡಿದರೂ ಗರ್ಭ ಇದೆ ಎಂದೇ ಹಿಡಿದು ಡಾಕ್ಟರಿಗೆ ತೋರಿಸಿ. ಅರ್ಧ ಗಂಟೆ ಬಿಟ್ಟು ಕಂಡ ಗೆರೆಯನ್ನು ನಂಬಬೇಡಿ. ನಿಶ್ಚಯ್ ಎಂಬ ಸರಕಾರಿ ಕಿಟ್ ಪುಕ್ಕಟೆ ಸಿಗುತ್ತದೆ.

ಈ 21 ದಿನ ದಿನದ ಮಾತ್ರೆ ನಿಲ್ಲಿಸಬೇಡಿ. ಗರ್ಭ ನಿಂತದ್ದು ಗೊತ್ತಿಲ್ಲದೆ ಮಾತ್ರೆ ತಗೊಂಡರೆ ಮಗು ಅಂಗವಿಕಲವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪರೀಕ್ಷೆಯಲ್ಲಿ ಗರ್ಭ ಖಚಿತವಾದ ದಿನ ನಿಲ್ಲಿಸಿದರೆ ಸಾಕು. ಇದೇ ಹೆದರಿಕೆಯಿಂದ, ಬೇಕೆಂದಿದ್ದ ಮಗುವನ್ನು ತೆಗೆಸುವ ಮಾತು ಮನೆಯಲ್ಲಿ ಬಂದರೆ ದಯವಿಟ್ಟು ಮೊದಲು ಡಾಕ್ಟರನ್ನು ಕೇಳಿ.

ಗರ್ಭ ನಿಂತಿದೆ, ನಮಗೆ ಬೇಡ. ಏನು ಮಾಡಬೇಕು?

ಗರ್ಭನಿರೋಧಕ ವಿಫಲವಾದದ್ದು ಕಾನೂನು ಒಪ್ಪುವ ಕಾರಣ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ ಈ ಕಾರಣ ಮದುವೆಯಾಗದವರಿಗೂ ಅನ್ವಯಿಸುತ್ತದೆ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 18 ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಬೇಕಾದದ್ದು, ಗಂಡನ ಸಹಿಯಾಗಲಿ ಅತ್ತೆಯ ಸಹಿಯಾಗಲಿ ಕಾನೂನು ಕೇಳುವುದಿಲ್ಲ. ನಿಮ್ಮ ವಿವರವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ.

ಮಾತ್ರೆಯಿಂದ ಗರ್ಭಪಾತ 9 ವಾರದವರೆಗೆ ಮಾತ್ರ, ಅದೂ ಡಾಕ್ಟರರ ಕೈಯಲ್ಲಿ. ಮೆಡಿಕಲ್‌ನಿಂದ ಕಿಟ್ ತಂದು ಮನೆಯಲ್ಲೇ ನುಂಗಬೇಡಿ. ದಿನದ ಮಾತ್ರೆ ತಗೊಳ್ಳುತ್ತಿದ್ದವರಿಗೆ ಇದರಲ್ಲಿ ಒಂದು ವಿಶೇಷ ಅಪಾಯವಿದೆ. ಕಬ್ಬಿಣದ ವಾರದ ರಕ್ತವನ್ನೇ ಮುಟ್ಟೆಂದು ಎಣಿಸಿ, 6 ವಾರ ಅಂದುಕೊಂಡದ್ದು 10 ಆಗಿರಬಹುದು. ಸೋನೋಗ್ರಫಿ ಮಾಡಿದರೆ ದಿನ ತಿಳಿಯುತ್ತದೆ, ಗರ್ಭ ನಳಿಕೆಯಲ್ಲಿ ನಿಂತಿದೆಯೇ ಎಂಬುದೂ ತಿಳಿಯುತ್ತದೆ. ಕಿಬ್ಬೊಟ್ಟೆಯ ಒಂದೇ ಬದಿಗೆ ಜೋರು ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಿ.

ಮುಂಬಯಿಯಲ್ಲಿ ಎಲ್ಲಿಗೆ ಹೋಗಬೇಕು? ಮರಾಠಿ ಸರಿಯಾಗಿ ಬಾರದು.

ಹತ್ತಿರದ ಮಹಾನಗರ ಪಾಲಿಕೆಯ ಹೆಲ್ತ್ ಪೋಸ್ಟ್ ಅಥವಾ ದವಾಖಾನಾ ಮೊದಲ ಜಾಗ. ಮಾಲಾ-ಎನ್, ಛಾಯಾ, ನಿರೋಧ್ ಕಾಂಡೋಮ್, ನಿಶ್ಚಯ್ ಕಿಟ್ ಅಲ್ಲಿ ಕೇಳಿ. ಬಸ್ತಿಗಳಲ್ಲಿ ಮನೆ ಮನೆಗೆ ಬರುವ ಆರೋಗ್ಯ ಸೇವಿಕೆ, ಆಶಾ ಕಾರ್ಯಕರ್ತೆಯ ಹತ್ತಿರವೂ ಕೇಳಬಹುದು. ಕಾಪರ್-ಟಿ, ಗರ್ಭಪಾತಕ್ಕೆ ಪರೇಲ್‌ನ ಕೆಇಎಂ, ಶೀವ್‌ನ (ಸಯನ್) ಲೋಕಮಾನ್ಯ ತಿಲಕ್ ಆಸ್ಪತ್ರೆ, ಮುಂಬಯಿ ಸೆಂಟ್ರಲ್‌ನ ನಾಯರ್, ಪಶ್ಚಿಮ ಉಪನಗರದವರಿಗೆ ಜುಹುವಿನ ಕೂಪರ್. ಕೇಸ್ ಪೇಪರ್ (ನೋಂದಣಿ ಚೀಟಿ) ಮಾಡಿಸಿ ಸ್ತ್ರೀರೋಗ ವಿಭಾಗದ ಓಪಿಡಿಗೆ, ಅಂದರೆ ಹೊರರೋಗಿಗಳನ್ನು ನೋಡುವಲ್ಲಿಗೆ, ಹೋಗಬೇಕು. ಬೆಳಿಗ್ಗೆ ಬೇಗ ಹೋದಷ್ಟೂ ಒಳ್ಳೆಯದು. "ಗೋಳಿ ಘ್ಯಾಯಲಾ ವಿಸರಲೇ" ಅಂದರೆ ಮಾತ್ರೆ ತಗೊಳ್ಳಲು ಮರೆತೆ, "ಪಾಳೀ ಚುಕಲೀ" ಅಂದರೆ ಮುಟ್ಟು ತಪ್ಪಿದೆ. ಶೀಟನ್ನು ಬಿಸಾಡದೆ ಜೊತೆಗೇ ಒಯ್ಯಿರಿ. ಎಷ್ಟು ಮಾತ್ರೆ ಉಳಿದಿವೆ ಎಂದು ನೋಡಿದರೆ ಡಾಕ್ಟರಿಗೆ ಅರ್ಧ ವಿಷಯ ತಿಳಿಯುತ್ತದೆ.

ಮರೆಯದಿರಲು ಏನು ಮಾಡಬೇಕು?

ಬೆಳಿಗ್ಗೆ 7:40ರ ಫಾಸ್ಟ್ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಮಾತ್ರೆ ನೆನಪಾಗುವುದು ಕಷ್ಟ. ರಾತ್ರಿ ಊಟವಾದ ಮೇಲಿನ ಹೊತ್ತು ಹೆಚ್ಚಿನವರಿಗೆ ಒಗ್ಗುತ್ತದೆ. ಐರೋಲಿ, ಮಲಾಡ್ ಕಡೆ ರಾತ್ರಿ ಪಾಳಿ ಮಾಡುವವರು ಪಾಳಿ ಬದಲಾದರೂ ಬದಲಾಗದ ಹೊತ್ತೊಂದನ್ನು ಆರಿಸಿ, ಮೊಬೈಲಿನಲ್ಲಿ ಅಲಾರಂ ಇಡಿ. ಮಲಗಿ ಏಳುವ ಹೊತ್ತಿನ ಲೆಕ್ಕ ಇಟ್ಟರೆ ಪಾಳಿ ಬದಲಾದ ವಾರವೇ ತಪ್ಪುತ್ತದೆ. ಒಂದು ಶೀಟು ಮನೆಯಲ್ಲಿ, ಇನ್ನೊಂದು ಪರ್ಸಿನಲ್ಲಿ ಸದಾ ಇರಲಿ.

ಮಾತ್ರೆಯನ್ನು ಚಾಚೂ ತಪ್ಪದೆ ತಗೊಂಡರೆ ವರ್ಷಕ್ಕೆ 100ರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಜನ ತಗೊಳ್ಳುವ ರೀತಿಯಲ್ಲಿ 100ರಲ್ಲಿ ಸುಮಾರು 7 ಮಂದಿಗೆ ನಿಲ್ಲುತ್ತದೆ. ಪ್ರತಿ ಶೀಟಿನಲ್ಲೂ ಎರಡು ಮೂರು ತಪ್ಪುತ್ತಿದ್ದರೆ ಈ ಉಪಾಯ ನಿಮ್ಮ ದಿನಚರಿಗೆ ಹೊಂದುತ್ತಿಲ್ಲ ಅಷ್ಟೆ, ಅದಕ್ಕೆ ಬೇಜಾರು ಬೇಡ. 3 ತಿಂಗಳಿಗೊಮ್ಮೆ ಅಂತರಾ ಇಂಜೆಕ್ಷನ್, ಅಥವಾ ಕಾಪರ್-ಟಿ ಬಗ್ಗೆ ಓಪಿಡಿಯಲ್ಲಿ ಕೇಳಿ. 35 ದಾಟಿ ಬೀಡಿ, ಸಿಗರೇಟು ಸೇದುವವರು, ಬಿಪಿ ಹೆಚ್ಚಿರುವವರು, ಕಣ್ಣಿಗೆ ಮಿಂಚು ಹೊಡೆದಂತಾಗಿ ತಲೆನೋವು ಬರುವವರು, ಹೆರಿಗೆಯಾಗಿ 6 ತಿಂಗಳಾಗದ ಮೊಲೆಯುಣಿಸುವ ತಾಯಂದಿರು ಮಾಲಾ-ಎನ್ ಥರದ ಮಾತ್ರೆ ತಗೊಳ್ಳುತ್ತಿದ್ದರೆ, ಮರೆವು ಇರಲಿ ಇಲ್ಲದಿರಲಿ, ಮುಂದಿನ ಶೀಟು ಶುರು ಮಾಡುವ ಮುಂಚೆ ಡಾಕ್ಟರನ್ನು ಕಂಡು ಬೇರೆ ಉಪಾಯಕ್ಕೆ ಬದಲಾಯಿಸಿಕೊಳ್ಳಬೇಕು. ಬದಲಾಯಿಸುವ ದಿನದವರೆಗೆ ಕಾಂಡೋಮ್ ಬಳಸಿ.